ಚುಕ್ಕಿಯಿಲ್ಲದ ಸಾಲು

ಫೆಬ್ರವರಿ 4, ಮಂಗಳವಾರ

ಲಿಫ್ಟಿನೊಳಗೆ ಹೊಕ್ಕ ಮನುಷ್ಯ ಬಾಗಿಲ ಮೇಲಿನ ಅಂಕಿಗಳನ್ನೇ ಯಾಕೆ ನೋಡುತ್ತಾನೆ? ಇವತ್ತು ಈ ಆಸ್ಪತ್ರೆಯ ಲಿಫ್ಟಿನಲ್ಲಿ ಆರು ಸಲ ಹತ್ತಿ ಇಳಿದೆ. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಪರೀಕ್ಷೆಯ ಫಲಿತಾಂಶ ಹಚ್ಚಿದ ಹಲಗೆಯ ಮುಂದೆ ನಿಂತವರ ಹಾಗೆ ಎಲ್ಲರೂ ಕತ್ತೆತ್ತಿ ನಿಂತಿದ್ದರು. ನಾವು ಕಣ್ಣಿಟ್ಟು ಕಾಯದಿದ್ದರೆ ಲಿಫ್ಟು ನಾಲ್ಕನೇ ಮಹಡಿಯನ್ನು ಮರೆತು ಸೀದಾ ಆಕಾಶಕ್ಕೆ ಹೋಗಿಬಿಡುತ್ತದೇನೋ. ಈ ವಾರದ ಅಂಕಣಕ್ಕೆ ಇಷ್ಟು ಸಾಕು.

ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ನನ್ನನ್ನು ನಾನೇ ಪರಿಚಯ ಮಾಡಿಕೊಳ್ಳುವುದು ಹಳೆಯ ಚಟ. ದಿನಚರಿ ಮನೆಯಲ್ಲೇ ಉಳಿದದ್ದರಿಂದ ಎದುರಿನ ಅಂಗಡಿಯಲ್ಲಿ ಇದನ್ನು ಕೊಂಡೆ. ಶಾಲೆಯ ಮಕ್ಕಳದು, ಎಡಗಡೆ ಕೆಂಪು ಗೆರೆಯ ಅಂಚಿದೆ. ಬರೆಯುತ್ತಿರುವವನಿಗೆ ವಯಸ್ಸು ಐವತ್ತೆಂಟು. ಕಾದಂಬರಿಕಾರ. ಏಳು ಕಾದಂಬರಿ ಬಂದಿವೆ, ಎಂಟನೆಯದರ ಕೊನೆಯ ಅಧ್ಯಾಯ ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಜನ ನನ್ನನ್ನು ಗುರುತಿಸುವುದು ಮಾತ್ರ ಭಾನುವಾರದ ಪುರವಣಿಯ ಅಂಕಣದಿಂದ. ನಾವು ದಿನಾ ಮಾಡುವ, ಯಾಕೆ ಮಾಡುತ್ತೇವೆಂದು ಒಮ್ಮೆಯೂ ಕೇಳಿಕೊಳ್ಳದ ಕೆಲಸಗಳ ಬಗ್ಗೆ ಹನ್ನೊಂದು ವರ್ಷದಿಂದ ಅಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ಹುಚ್ಚನ್ನು ಹುಡುಕಿ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ನನ್ನ ಬರಹದ ಹುಳುಕು ಹುಡುಕುವುದು ಅವಳ ಕೆಲಸ. ಅವಳು ಅಂದರೆ ನನ್ನ ಹೆಂಡತಿ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸಿ ಮುದ್ರೆ ಒತ್ತುವ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವಳು. ಮದುವೆಯಾದ ಹೊಸದರಲ್ಲಿ ನನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಓದಿ ವಾಪಸು ಕೊಟ್ಟಾಗ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಚುಕ್ಕಿಗಳಿದ್ದವು.

"ಏನಿದು?" ಎಂದೆ.

"ಈ ಸಾಲಲ್ಲಿ ನೀವು ಸುಳ್ಳು ಹೇಳ್ತಿದ್ದೀರಿ."

"ಕಾದಂಬರಿ ಅಂದ್ರೇನೇ ಸುಳ್ಳು ಕಣೇ!"

"ಅದು ಬೇರೆ. ಇದು ಬೇರೆ."

ಅಷ್ಟೇ. ಅವತ್ತಿನಿಂದ ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಕುಳಿತು ಚುಕ್ಕಿ ಇದ್ದ ಸಾಲುಗಳನ್ನೆಲ್ಲ ಬದಲಾಯಿಸಿದೆ. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ ನಡೆದುಬಂದಿದೆ. ಅವಳು ಚುಕ್ಕಿ ಇಡುತ್ತಾಳೆ, ಯಾಕೆಂದು ಹೇಳುವುದಿಲ್ಲ. ನಾನು ಬೈಯುತ್ತೇನೆ, ತಿದ್ದುತ್ತೇನೆ. ದಿನಚರಿಗೂ ಪ್ರತಿ ಸಲ ಹೊಸ ಹಾಳೆಯೇ, ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ನನಗೆ ಬರಲೇ ಇಲ್ಲ. ಅದು ಅವಳ ಖಾತೆ.

ಮಕ್ಕಳಿಲ್ಲ. ಅವಳ ತಂಗಿ, ನನ್ನ ನಾದಿನಿ, ಗಂಡನ ಮನೆಯಿಂದ ಸಹಾಯಕ್ಕೆ ಬಂದಿದ್ದಾಳೆ. ನಾಡಿದ್ದು ಆಪರೇಷನ್. ಹೊಟ್ಟೆಯೊಳಗೆ ಒಂದು ಗಂಟು. ತೆಗೆದುಹಾಕುತ್ತಾರೆ, ಹತ್ತು ದಿನಕ್ಕೆ ಮನೆ. ನನಗೆ ಭಯವೇನಿಲ್ಲ.

ಫೆಬ್ರವರಿ 6, ಗುರುವಾರ

ಮೂರು ಗಂಟೆ ಹಿಡಿಯುತ್ತದೆ ಎಂದಿದ್ದರು. ನಲವತ್ತು ನಿಮಿಷಕ್ಕೆ ಡಾಕ್ಟರು ಹೊರಗೆ ಬಂದರು. ಅಷ್ಟು ಬೇಗ ಮುಗಿಯಿತಲ್ಲ ಎಂದು ನಾನು ಪೆದ್ದನ ಹಾಗೆ ಖುಷಿಪಟ್ಟೆ.

"ಹೊಟ್ಟೆ ತೆರೆದು ನೋಡಿದ್ವಿ. ಎಲ್ಲಾ ಕಡೆ ಹರಡಿಬಿಟ್ಟಿದೆ. ಕೈ ಹಾಕೋ ಹಾಗಿರ್ಲಿಲ್ಲ. ಹಾಗೇ ಹೊಲಿಗೆ ಹಾಕಿದ್ವಿ" ಎಂದರು.

"ಎಷ್ಟು ದಿನ?"

"ನಾವು ಹಾಗೆಲ್ಲ ದಿನ ಎಣಿಸೋದಿಲ್ಲ" ಎಂದು ಗೋಡೆ ನೋಡಿದರು. ಆಮೇಲೆ, "ಒಂದು ತಿಂಗಳು. ಒಂದೂವರೆ ಅಂತಿಟ್ಕೊಳ್ಳಿ" ಎಂದರು.

ನಾನು ಅದಕ್ಕೆ ಹೇಳಿದ್ದೇನು? "ತುಂಬಾ ಥ್ಯಾಂಕ್ಸ್ ಡಾಕ್ಟ್ರೇ." ಕೈ ಬೇರೆ ಮುಗಿದೆ. ಯಾವ ಉಪಕಾರಕ್ಕೆ? ಜನ ಇಂಥ ಹೊತ್ತಿನಲ್ಲಿ ಏನೇನು ಆಡುತ್ತಾರೆಂದು ಹನ್ನೊಂದು ವರ್ಷದಿಂದ ಕಂಡವರ ಬಾಯಿ ನೋಡಿ ಬರೆದವನು ನಾನು.

ನಾದಿನಿ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದುಕೊಂಡಳು. "ಭಾವ, ಅಕ್ಕಂಗೆ ಹೇಳೋದು ಬೇಡ. ಹೇಳಿದ್ರೆ ಇವತ್ತೇ ಕೈಕಾಲು ಬಿಟ್ಟುಬಿಡ್ತಾಳೆ."

ಬೇಡ ಎಂದೆ. ಯಾರಾದರೂ ಹಾಗೆ ಹೇಳಲಿ ಎಂದೇ ಕಾದಿದ್ದೆ ಅನ್ನಿಸುವಷ್ಟು ಬೇಗ ಒಪ್ಪಿದೆ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಪೂರ್ತಿ ಎಚ್ಚರವಾಯಿತು ಅವಳಿಗೆ. ನಾಲಿಗೆ ಒಣಗಿತ್ತು. ಹತ್ತಿ ಅದ್ದಿ ತುಟಿ ಒರೆಸಿದೆ.

"ತೆಗೆದ್ರಾ?"

"ತೆಗೆದ್ರು. ಅಲ್ಸರ್ ಇತ್ತಂತೆ, ಜೊತೆಗೊಂದು ಸಣ್ಣ ಗಂಟು. ಪೂರ್ತಿ ಕ್ಲೀನ್."

"ಎಷ್ಟಿತ್ತು?"

"ನಿಂಬೆಹಣ್ಣಿನಷ್ಟು."

"ರೀ, ನಿಂಬೆಹಣ್ಣು ಅಂದ್ರೆ ಅಳತೆ ಅಲ್ಲ. ಗ್ರಾಂ ಹೇಳಿ."

ನಲವತ್ತು ಗ್ರಾಂ ಎಂದೆ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವುದು ಅವಳಿಗೆ ರೂಢಿ. ಆಮೇಲೆ ಕಣ್ಣು ಮುಚ್ಚಿದಳು. ಮಧ್ಯಾಹ್ನ ನಾದಿನಿ ಬಂದವಳೇ, ಕೇಳುವ ಮುಂಚೆಯೇ, "ಬಟಾಣಿ ಕಾಳಿನಷ್ಟಿತ್ತಂತೆ ಅಕ್ಕ, ಅಷ್ಟಕ್ಕೇ ಇಷ್ಟೊಂದು ರಾದ್ಧಾಂತ!" ಎಂದುಬಿಟ್ಟಳು. ಇಬ್ಬರು ಸುಳ್ಳುಗಾರರು ಮೊದಲೇ ಕೂತು ಮಾತಾಡಿಕೊಂಡಿರಬೇಕಿತ್ತು. ಕಥೆ ಹೆಣೆಯುವುದೇ ಕಸುಬಾದವನಿಗೆ ಇಷ್ಟೂ ಹೊಳೆಯಲಿಲ್ಲ.

ಹಾಸಿಗೆಯ ಸುತ್ತ ನಿಂತು ಸುಳ್ಳು ಹೇಳುವುದು ವಿಚಿತ್ರ ಆಚಾರ. ಲೋಕದಲ್ಲಿ ಎಲ್ಲರೂ ಅದನ್ನು ಪ್ರೀತಿಯೆಂದೇ ಕರೆಯುತ್ತಾರೆ. ಅಂಕಣಕ್ಕೆ ಒಳ್ಳೆಯ ವಿಷಯ, ಆದರೆ ಅವಳು ಅಂಕಣ ಓದುತ್ತಾಳೆ. ಇರಲಿ. ಇದನ್ನೆಲ್ಲ ಅವಳಿಗಾಗಿಯೇ ಮುಚ್ಚಿಟ್ಟಿದ್ದೇನೆ.

ಫೆಬ್ರವರಿ 11, ಮಂಗಳವಾರ

ರೋಗಿಯನ್ನು ನೋಡಲು ಬರುವವರ ಬಗ್ಗೆ.

ಮೊದಲನೆಯದಾಗಿ ಸೇಬು. ರೋಗಿಗೆ ಸೇಬೇ ಆಗಬೇಕೆಂದು ಯಾರು ಕಾನೂನು ಮಾಡಿದರು? ಅವಳಿಗೆ ಒಂದು ತುಂಡೂ ಸೇರುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಹತ್ತೊಂಬತ್ತು ಸೇಬು ಸಾಲಾಗಿ ಕುಳಿತಿವೆ. ತಂದವರೇ ಚಾಕು ಕೇಳಿ ಹೆಚ್ಚುತ್ತಾರೆ, ರೋಗಿ ಬೇಡವೆಂದಾಗ ತಾವೇ ತಿನ್ನುತ್ತಾರೆ. ತಿನ್ನುತ್ತಾ ತಿನ್ನುತ್ತಾ ಇದೇ ಕಾಯಿಲೆಯಲ್ಲಿ ಹೋದ ಯಾರದೋ ಕಥೆ ಶುರುಮಾಡಿ, ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡು, "ನಿಮ್ಮದು ಬಿಡಿ, ಹಾಗಲ್ಲ" ಎನ್ನುತ್ತಾರೆ. ಹೊರಡುವಾಗ ಎಲ್ಲರದೂ ಒಂದೇ ಮಾತು. "ಮುಖದಲ್ಲಿ ಕಳೆ ಬಂದಿದೆ." ಕನ್ನಡಿಯೊಂದು ಎದುರಿಗಿದ್ದಿದ್ದರೆ ಅವಳೇ ಉತ್ತರ ಕೊಡುತ್ತಿದ್ದಳು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಕಾಲು ಮುರಿದು ತೂಗುಹಾಕಿದ್ದಾರೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಸೂಜಿದಾರ ತಲೆದಿಂಬಿನ ಕೆಳಗೇ. ಅವಳ ನೈಟಿ ದೊಗಳೆಯಾಗಿದೆಯೆಂದು ಇವತ್ತು ಎರಡೂ ಬದಿ ಒಂದೊಂದು ಬೆರಳು ಒಳಕ್ಕೆ ಹಿಡಿದು ಹೊಲಿದುಕೊಟ್ಟರು. "ಆಸ್ಪತ್ರೆ ಊಟ ತಿಂದು ನಾನು ಉಬ್ತಾ ಇದ್ದೀನಿ, ನೀವು ಇಳೀತಾ ಇದ್ದೀರಿ. ಎಲ್ಲಿಗೆ ಹೋಗ್ತಿದೆ ಅಕ್ಕಾ ನಿಮ್ಮ ಪಾಲು?" ಎಂದು ನಕ್ಕರು. ಅವಳೂ ನಕ್ಕಳು, ಹೊಲಿಗೆ ಎಳೆದದ್ದಕ್ಕೆ ಹೊಟ್ಟೆ ಹಿಡಿದುಕೊಂಡಳು.

ಮಧ್ಯಾಹ್ನ ಮನೆಯಿಂದ ನಾನೇ ಗಂಜಿ ಮಾಡಿ ಫ್ಲಾಸ್ಕಿನಲ್ಲಿ ತಂದೆ. ಜೀವಮಾನದಲ್ಲಿ ಮೊದಲ ಸಲ. ಗಂಜಿ ಹದವಾಗಿ ಬಂದಿತ್ತು. ಮೂರು ಚಮಚ ಕುಡಿದು ಸಾಕೆಂದಳು.

ಅಂಕಣ ಕಳಿಸಿದೆ. ಸೇಬಿನ ಪ್ಯಾರಾ ಓದಿ ಬಿದ್ದು ಬಿದ್ದು ನಕ್ಕೆ ಎಂದರು ಸಂಪಾದಕರು.

ಫೆಬ್ರವರಿ 14, ಶುಕ್ರವಾರ

ಹತ್ತು ರಾತ್ರಿಯಿಂದ ಬೆಂಚಿನ ಮೇಲೆ ಮಲಗಿ ಬೆನ್ನು ಹಲಗೆಯಾಗಿದೆ. ಯಾರಿಗೂ ಹೇಳುವ ಹಾಗಿಲ್ಲ. ನಾದಿನಿಗೆ ಹೇಳಿದರೆ, ಅಕ್ಕ ಅಲ್ಲಿ ನೋವು ತಿನ್ನುತ್ತಿರುವಾಗ ಭಾವನಿಗೆ ಬೆನ್ನಿನ ಚಿಂತೆ ಎಂದುಕೊಳ್ಳುತ್ತಾಳೆ. ಸೇಬಿನ ವಾಸನೆಗೇ ವಾಕರಿಕೆ ಬರುತ್ತದೆ. ಈ ನೋಟುಬುಕ್ಕೊಂದೇ ನಾನು ಗೊಣಗಿದರೂ ಕೇಳಿಸಿಕೊಳ್ಳುವುದು. ಪ್ರತಿ ಸಲ ಬರೆದು ಅವಳ ಮಂಚಕ್ಕೆ ತೂಗುಹಾಕಿದ ಬಟ್ಟೆಚೀಲದಲ್ಲಿ, ಫ್ಲಾಸ್ಕಿನ ಪಕ್ಕ ಹಾಕಿ, ಸ್ನಾನಕ್ಕೆಂದು ಮನೆಗೆ ಹೋಗಿ ಬರುತ್ತೇನೆ.

ಫೆಬ್ರವರಿ 15, ಶನಿವಾರ

ಇವತ್ತು ಅವಳಿಗೆ ಏನಾಯಿತೋ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಿಟಕಿಕಟ್ಟೆ ಖಾಲಿ. ಸೇಬನ್ನೆಲ್ಲ ವಾರ್ಡಿನವರಿಗೆ ಹಂಚಿಸಿಬಿಟ್ಟಿದ್ದಳು. ನಾದಿನಿ ಮುಖ ಊದಿಸಿಕೊಂಡು ಕುಳಿತಿದ್ದಳು.

"ಇವತ್ತಿಂದ ರಾತ್ರಿ ಇವಳಿರ್ಲಿ. ನೀವು ಮನೇಲಿ ಮಲಗಿ. ಹಾಸಿಗೆ ಮೇಲೆ, ಬೆನ್ನು ಚಾಚಿ" ಎಂದಳು ತಂಗಿಯನ್ನು ತೋರಿಸಿ.

"ನನ್ನ ಬೆನ್ನಿಗೇನಾಗಿದೆ?"

"ಏನೂ ಆಗಿಲ್ಲ. ಹೋಗಿ."

ಸಿಸ್ಟರು ಎದುರಿಗಿದ್ದರು. ವಾದ ಮಾಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದ ಮೇಲೆ ಬಾಯಿ ಬಿಡದಿದ್ದರೂ ಮನಸ್ಸು ತಿಳಿಯುತ್ತದೆ ಎನ್ನುತ್ತಾರೆ. ಅದನ್ನು ನಾನು ಯಾವತ್ತೂ ನಂಬಿರಲಿಲ್ಲ, ಕಾದಂಬರಿಯಲ್ಲಿ ಎರಡು ಕಡೆ ಬಳಸಿದ್ದೇನೆ, ಎರಡೂ ಕಡೆ ಚುಕ್ಕಿ ಬಿದ್ದಿತ್ತು.

ಹೊರಡುವಾಗ ಕೇಳಿದಳು, "ರೀ, ನಾಳೆ ಬರ್ತಾ ಪೆನ್ಸಿಲ್ ಹೆರೆಯೋ ಮೆಂಡರ್ ತನ್ನಿ. ಮೊನೆ ಹೋಗಿದೆ."

"ಯಾಕೆ?"

"ಪದಬಂಧ ಮಾಡ್ತೀನಿ. ಹೊತ್ತು ಹೋಗ್ಬೇಕಲ್ಲ."

ಫೆಬ್ರವರಿ 19, ಬುಧವಾರ

ಕೊನೆಯ ಅಧ್ಯಾಯ ಮುಗಿಯಿತು! ಒಂದು ವರ್ಷ ಸತಾಯಿಸಿದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಅಲುಗಾಡುವ ಮೇಜಿನ ಮೇಲೆ, ನಾಲ್ಕೇ ದಿನಕ್ಕೆ ಬಂತು. ಕಥಾನಾಯಕ ಬಹಳ ವರ್ಷ ಮುಚ್ಚಿಟ್ಟ ಸಂಗತಿಯನ್ನು ಕೊನೆಗೆ ಹೆಂಡತಿಗೆ ಹೇಳುತ್ತಾನೆ. ಮೂರು ಪುಟ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂತು. ಟೀ ಕೊಡುವವನು ಯಾರು ಹೋದರು ಸಾರ್ ಎಂದು ಕೇಳಿದ.

ಪುಟಗಳನ್ನು ಅವಳ ಕೈಗೆ ಕೊಟ್ಟೆ. ಎಂದಿನ ಹಾಗೆ ಎಡಗಡೆ ಅಗಲವಾಗಿ ಜಾಗ ಬಿಟ್ಟು ಬರೆದಿದ್ದೆ.

ಫೆಬ್ರವರಿ 22, ಶನಿವಾರ

ಒಂದೂ ಚುಕ್ಕಿ ಇಲ್ಲ. ಇಪ್ಪತ್ತೆರಡು ಪುಟ, ಮೊದಲಿಂದ ಕೊನೆಯವರೆಗೆ ಒಂದೂ ಇಲ್ಲ. ವಾರ್ಡಿನ ಮಧ್ಯೆ ನಿಂತು ಪುಟ ತಿರುವಿ ತಿರುವಿ ನೋಡಿದೆ. ಏಳು ಕಾದಂಬರಿಗಳಲ್ಲಿ ಒಂದು ಅಧ್ಯಾಯವೂ ಹೀಗೆ ಪಾಸಾಗಿದ್ದಿಲ್ಲ. ಹೊರಗೆ ಓಡಿ ಪ್ರಕಾಶಕರಿಗೆ ಫೋನು ಮಾಡಿ, "ಈ ಸಲ ಗೆದ್ದೆ" ಎಂದೆ. ಕೈಯಲ್ಲಿ ಹೂವಿನ ಗೊಂಚಲೊಂದನ್ನೂ ಹಿಡಿದು ಬಂದೆ.

ಅವಳು ಹೂವು ನೋಡಿದಳು, ನನ್ನ ಮುಖ ನೋಡಿದಳು.

"ರೀ, ನಾನು ಓದಿಲ್ಲ."

"ಓದಿಲ್ಲ ಅಂದ್ರೆ?"

"ಮೊದಲನೇ ಪುಟ ಓದಿದೆ, ಅಷ್ಟೇ. ಕಣ್ಣು ನಿಲ್ಲೋದಿಲ್ಲ. ದಿನಕ್ಕೆ ಸ್ವಲ್ಪವೇ ಓದೋಕಾಗೋದು."

ಸರಿ, ಆರಾಮ ತೆಗೆದುಕೋ ಎಂದೆ. ಹೂವನ್ನು ಟೈಲರಮ್ಮನ ಲೋಟದಲ್ಲಿ ಇಟ್ಟೆ. ಅವರ ಕಾಲು ಕೆಳಗಿಳಿಸಿದ್ದಾರೆ. ಗೋಡೆ ಹಿಡಿದು ನಡೆಯುತ್ತಾರೆ, ಅವಳು ಬೇಕೆಂದದ್ದನ್ನು ಚೀಲದಿಂದ ತೆಗೆದುಕೊಡುತ್ತಾರೆ. ಇವತ್ತು ನೈಟಿಯನ್ನು ಮತ್ತೆ ಒಂದು ಬೆರಳು ಒಳಕ್ಕೆ ಹಿಡಿದರು. ಈ ಸಲ ತಮಾಷೆ ಮಾಡಲಿಲ್ಲ.

ಅವಳ ದಿಂಬಿನ ಪಕ್ಕದ ಪದಬಂಧದ ಪುಸ್ತಕ ತೆರೆದು ನೋಡಿದೆ. ಒಂದು ಮನೆಯೂ ತುಂಬಿಲ್ಲ. ಪೆನ್ಸಿಲು ಮಾತ್ರ ಅರ್ಧಕ್ಕೆ ಬಂದಿದೆ. ರೋಗಿಗಳು ಸುಮ್ಮನೆ ಪೆನ್ಸಿಲು ಹೆರೆಯುತ್ತಾ ಕೂರುತ್ತಾರೆಂದು ಕಾಣುತ್ತದೆ. ದಿನಕ್ಕೆ ಸ್ವಲ್ಪ ಓದಲಾಗುತ್ತದಂತೆ, ಆ ಸ್ವಲ್ಪದಲ್ಲಿ ನನ್ನ ಅಧ್ಯಾಯಕ್ಕೆ ಪಾಲಿಲ್ಲ. ಅವಳು ಓದದಿದ್ದರೆ ನನಗೇನೂ ಬೇಸರವಿಲ್ಲ.

ಫೆಬ್ರವರಿ 26, ಬುಧವಾರ

ಮಧ್ಯಾಹ್ನ ವಾರ್ಡಿನಲ್ಲಿ ಸದ್ದಿರಲಿಲ್ಲ. ಟೈಲರಮ್ಮ ನಿದ್ದೆಯಲ್ಲಿದ್ದರು. ನಾದಿನಿ ಔಷಧದ ಅಂಗಡಿಗೆ ಹೋಗಿದ್ದಳು. ಅವಳು ನನ್ನ ಕಡೆ ತಿರುಗಿ ಮಲಗಿದಳು. ಪಕ್ಕ ತಿರುಗುವುದಕ್ಕೇ ಐದು ನಿಮಿಷ ಬೇಕಾಯಿತು.

"ರೀ, ನನ್ನ ಹತ್ರ ಹೇಳೋದು ಏನಾದ್ರೂ ಇದೆಯಾ?"

"ಏನಿರುತ್ತೆ?"

"ಏನಾದ್ರೂ."

"ಇನ್ನೆರಡು ವಾರಕ್ಕೆ ಮನೆಗೆ ಕಳಿಸ್ತಾರಂತೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸ್ಬೇಕು. ಅದೊಂದು ಹೇಳ್ಬೇಕಿತ್ತು."

ಅವಳು ನನ್ನ ಅಂಗಿಯ ಗುಂಡಿಯನ್ನು ತಿರುವುತ್ತಾ ಇದ್ದಳು. ಆಮೇಲೆ ಬಿಟ್ಟಳು.

"ಯಾವ ಬಣ್ಣ?"

"ನೀನೇ ಹೇಳು."

"ತಿಳಿಹಳದಿ" ಎಂದಳು. "ಆ ಕೋಣೆಗೆ ಬೆಳಕು ಕಡಿಮೆ."

ಅವಳು ನಂಬಿದಳು.

ಮಾರ್ಚ್ 3, ಸೋಮವಾರ

ನಿನ್ನೆಯಿಂದ ಇಂಜೆಕ್ಷನ್ ನಾಲ್ಕು ಗಂಟೆಗೊಮ್ಮೆ. ಮೂರನೇ ಗಂಟೆಗೆ ನೋವು ಶುರುವಾಗುತ್ತದೆ. ಆ ಒಂದು ಗಂಟೆ ಅವಳು ಕೂಗುವುದಿಲ್ಲ, ಮಂಚದ ಕಂಬಿ ಹಿಡಿದು ಹಲ್ಲು ಕಚ್ಚುತ್ತಾಳೆ. ಕೂಗಿದ್ದರೆ ಚೆನ್ನಾಗಿತ್ತು. ಹೊತ್ತಾಗಲಿಲ್ಲ, ಡಾಕ್ಟರು ಬರೆದುಕೊಟ್ಟಿಲ್ಲ ಎನ್ನುವ ಸಿಸ್ಟರಿನ ಮೇಲೆ ರೇಗಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನಂಥವರನ್ನು ದಿನಾ ನೋಡುತ್ತಾರೆ.

ಟೈಲರಮ್ಮ ಮನೆಗೆ ಹೋದರು. ಹೋಗುವಾಗ ಅವಳ ಕೆನ್ನೆ ಸವರಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ನಿಮ್ಮ ಬರವಣಿಗೆ ಮಾತ್ರ ನಿಲ್ಲಿಸ್ಬೇಡಿ ಸಾರ್. ಅಕ್ಕ ದಿನಾ ಕಾಯ್ತಿರ್ತಾರೆ." ಇಷ್ಟು ನೋವಿನಲ್ಲೂ ಅಂಕಣಕ್ಕೆ ಕಾಯುತ್ತಾಳೆಂದರೆ ಆಶ್ಚರ್ಯ. ಎರಡು ವಾರದಿಂದ ಹಳೆಯದನ್ನೇ ಅದಲುಬದಲು ಮಾಡಿ ಕಳಿಸುತ್ತಿದ್ದೇನೆ.

ಸಂಜೆ ನಾಲ್ಕರಿಂದ ಐದರವರೆಗೆ ಕಂಬಿ ಹಿಡಿದ ಅವಳ ಕೈಯನ್ನೇ ನೋಡುತ್ತಾ ಕುಳಿತಿದ್ದೆ. ಬೆರಳ ಗಂಟುಗಳು ಬೆಳ್ಳಗಾಗಿದ್ದವು. ನನ್ನೊಳಗೆ ಒಂದು ಮಾತು ಎದ್ದಿತು. ಬೇರೆ ಎಲ್ಲೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ. ಇದು ಬೇಗ ಮುಗಿದರೆ ಸಾಕು. ಅವಳಿಗಾಗಿ ಮಾತ್ರ ಹಾಗೆ ಅನ್ನಿಸಿದ್ದಲ್ಲ. ನನಗೆ ಸಾಕಾಗಿದೆ. ನನಗೆ ಮನೆಗೆ ಹೋಗಬೇಕಾಗಿದೆ. ಇದನ್ನು ಬರೆದ ಕೈ ನನ್ನದೇ ಎಂದು ನಂಬಲಾಗುವುದಿಲ್ಲ.

ಮಾರ್ಚ್ 4, ಮಂಗಳವಾರ

ಬಂದ ಕೂಡಲೇ ಹತ್ತಿರ ಕರೆದಳು. ಮಾತು ಸಣ್ಣದಾಗಿದೆ, ಕಿವಿ ಬಾಯಿಯ ಹತ್ತಿರ ಇಡಬೇಕು.

"ನೀವು ಕೆಟ್ಟವರಲ್ಲ ರೀ."

"ಯಾರಂದ್ರು ಕೆಟ್ಟವನು ಅಂತ?"

ನಾನು ಸಿಸ್ಟರ್ ಮೇಲೆ ರೇಗಿದ್ದನ್ನು ನೆನೆಸಿಕೊಂಡು ಹೇಳಿರಬೇಕು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಯಾಕೆ ಅಷ್ಟೊಂದು ಅಳು ಬಂತೋ.

ಮಾರ್ಚ್ 8, ಶನಿವಾರ

ಸಂಪಾದಕರು ಫೋನು ಮಾಡಿದ್ದರು. ಹೊಸದು ಏನಾದರೂ ಕೊಡಿ ಎಂದರು. ಏನೂ ಹೊಳೆಯುವುದಿಲ್ಲ. ವಿಚಿತ್ರವೆನ್ನುವಂಥದ್ದು ಯಾವುದೂ ಕಣ್ಣಿಗೆ ಬೀಳುತ್ತಿಲ್ಲ. ಹೊಸದಾಗಿ ಬಂದ ರೋಗಿಯ ಮಗಳು ಸೇಬು ಹೆಚ್ಚುತ್ತಾ ಕುಳಿತಿದ್ದಳು. ಕೈಗೆ ಏನಾದರೂ ಕೆಲಸ ಬೇಕಲ್ಲ ಎನ್ನಿಸಿತು. ಒಂದು ತುಂಡು ಕೊಟ್ಟಳು, ತಿಂದೆ. ನನ್ನ ಹೆಂಡತಿಯನ್ನು ನೋಡಲು ಬಂದ ಅವಳ ಆಫೀಸಿನವರು ಮುಖದಲ್ಲಿ ಕಳೆ ಬಂದಿದೆ ಎಂದರು. ಹೌದು, ನಿನ್ನೆಗಿಂತ ವಾಸಿ ಎಂದೆ.

ಲಿಫ್ಟಿನಲ್ಲಿ ಇಳಿಯುವಾಗ ಪಕ್ಕದವರು ಅಳುತ್ತಿದ್ದರು. ನಾನು ಅಂಕಿ ನೋಡುತ್ತಾ ನಿಂತೆ. ನಾಲ್ಕು, ಮೂರು, ಎರಡು.

ಮಾರ್ಚ್ 11, ಮಂಗಳವಾರ

ಹೆಚ್ಚು ಹೊತ್ತು ನಿದ್ದೆ. ಎಚ್ಚರವಿದ್ದಾಗ ನನ್ನ ಕೈ ಹುಡುಕುತ್ತಾಳೆ. ಕೊಡುತ್ತೇನೆ. ನೈಟಿ ಮತ್ತೆ ದೊಗಳೆಯಾಗಿದೆ. ಒಳಕ್ಕೆ ಹಿಡಿದು ಹೊಲಿಯುವವರಿಲ್ಲ. ಹಿಂದಿನ ಕೋಣೆಗೆ ತಿಳಿಹಳದಿ ಹೊಡೆಸಿದೆ ಎಂದು ಕಿವಿಯಲ್ಲಿ ಹೇಳಿದೆ. ಹೊಡೆಸಿಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ.

ಮಾರ್ಚ್ 30, ಭಾನುವಾರ

ಆಸ್ಪತ್ರೆಯ ಬಟ್ಟೆಚೀಲ ಇಷ್ಟು ದಿನ ನಾದಿನಿಯ ಮನೆಯಲ್ಲಿತ್ತು. ಇವತ್ತು ತಂದುಕೊಟ್ಟು ಹೋದಳು. ಫ್ಲಾಸ್ಕು, ಬಾಚಣಿಗೆ, ಎರಡು ಸಲ ಒಳಕ್ಕೆ ಹಿಡಿದ ನೈಟಿ, ಒಂದು ಮನೆಯೂ ತುಂಬದ ಪದಬಂಧದ ಪುಸ್ತಕ. ಬೆರಳಿನ ಎರಡು ಗಿಣ್ಣಿನಷ್ಟು ಉಳಿದ ಪೆನ್ಸಿಲು. ಈ ನೋಟುಬುಕ್ಕು.

ಸಂಪಾದಕರು ಒತ್ತಾಯವೇನಿಲ್ಲ, ಆದರೆ ಬರೆದರೆ ನಿಮಗೂ ಹಗುರವಾಗುತ್ತದೆ ಎಂದಿದ್ದರು. ಲಿಫ್ಟಿನ ಬಗ್ಗೆ ಏನು ಬರೆದುಕೊಂಡಿದ್ದೆ ಎಂದು ನೋಡಲು ಮೊದಲ ಪುಟಕ್ಕೆ ತಿರುಗಿಸಿದೆ. ಬರೆದದ್ದನ್ನು ಹೀಗೆ ತಿರುಗಿ ನೋಡಿದ್ದು ಇದೇ ಮೊದಲು.

ಅಂಚಿನಲ್ಲಿ ಚುಕ್ಕಿಯಿತ್ತು.

'ನನಗೆ ಭಯವೇನಿಲ್ಲ' ಎನ್ನುವ ಸಾಲಿನ ಎದುರಿಗೆ. ಸಣ್ಣದು, ದುಂಡಗಿನದು, ಅವಳು ಯಾವಾಗಲೂ ಇಡುತ್ತಿದ್ದಂಥದ್ದು. ಪುಟ ತಿರುಗಿಸಿದೆ. 'ನಲವತ್ತು ಗ್ರಾಂ' ಎದುರಿಗೆ ಎರಡು ಚುಕ್ಕಿ. ತೂಕದ ವಿಷಯದಲ್ಲಿ ಅವಳು ಯಾರನ್ನೂ ಬಿಟ್ಟವಳಲ್ಲ. 'ಇದನ್ನೆಲ್ಲ ಅವಳಿಗಾಗಿಯೇ ಮುಚ್ಚಿಟ್ಟಿದ್ದೇನೆ.' ಚುಕ್ಕಿ. 'ಗಂಜಿ ಹದವಾಗಿ ಬಂದಿತ್ತು.' ಚುಕ್ಕಿ. ಅಲ್ಲಿ ನಾನು ನಕ್ಕುಬಿಟ್ಟೆ, ಖಾಲಿ ಮನೆಯಲ್ಲಿ ಜೋರಾಗಿ ನಕ್ಕೆ, ನಗು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ.

ಎಲ್ಲ ಓದಿದ್ದಾಳೆ. ಡಾಕ್ಟರು ಹೇಳಿದ ಒಂದು ತಿಂಗಳು, ಒಂದೂವರೆ, ಎಲ್ಲ. ನಾನಿಲ್ಲದ ಹೊತ್ತಿನಲ್ಲಿ ತಾನೇ ಚೀಲಕ್ಕೆ ಕೈ ಚಾಚಿದ್ದಾಳೆ, ಕೈ ಸೋತಾಗ ಟೈಲರಮ್ಮ, ಅವರು ಹೋದ ಮೇಲೆ ಸಿಸ್ಟರು ತೆಗೆದುಕೊಟ್ಟಿದ್ದು ಇದನ್ನು. ದಿನಕ್ಕೆ ಸ್ವಲ್ಪವೇ ಓದಲು ನಿಲ್ಲುತ್ತಿದ್ದ ಕಣ್ಣನ್ನು ಖರ್ಚು ಮಾಡಿದ್ದು ಇದರ ಮೇಲೆ. ನನ್ನ ಇಪ್ಪತ್ತೆರಡು ಪುಟದ ನಾಯಕ ಸತ್ಯ ಹೇಳುವುದನ್ನು ಓದಿ ಅವಳಿಗೆ ಆಗಬೇಕಾದ್ದೇನಿತ್ತು? ಗಂಡ ಹೇಳುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದಳು. ಬಾಯಿ ಬಿಟ್ಟು ಕೇಳಿದಳು ಕೂಡ. ನಾನು ಸುಣ್ಣದ ಮಾತಾಡಿದೆ. ಅವಳು ಬಣ್ಣ ಆರಿಸಿಕೊಟ್ಟಳು.

'ಅವಳು ನಂಬಿದಳು.' ಅಲ್ಲಿಯ ಚುಕ್ಕಿ ದುಂಡಗಿಲ್ಲ. ಕೈ ನಡುಗಿ ಬಾಲ ಎಳೆದಿದೆ.

ಮಾರ್ಚ್ ಮೂರನೇ ತಾರೀಖಿನ ಪುಟ ತೆರೆಯಲು ನನಗೆ ಧೈರ್ಯವಿರಲಿಲ್ಲ. ಎದ್ದು ನೀರು ಕುಡಿದೆ. ಹಿಂದಿನ ಕೋಣೆಗೆ ಹೋದೆ, ಬಂದೆ. ಕೊನೆಗೆ ತೆರೆದೆ. 'ಇದು ಬೇಗ ಮುಗಿದರೆ ಸಾಕು. ಅವಳಿಗಾಗಿ ಮಾತ್ರ ಹಾಗೆ ಅನ್ನಿಸಿದ್ದಲ್ಲ. ನನಗೆ ಸಾಕಾಗಿದೆ. ನನಗೆ ಮನೆಗೆ ಹೋಗಬೇಕಾಗಿದೆ.' ಕಿಟಕಿಯ ಹತ್ತಿರ ಹಿಡಿದೆ. ಬೆಳಕಿಗೆ ಓರೆಯಾಗಿ ಹಿಡಿದೆ. ಬೆರಳಿನಿಂದ ಸವರಿದೆ.

ಚುಕ್ಕಿಯಿಲ್ಲ. ಆ ನಾಲ್ಕು ಸಾಲಿಗೂ ಇಲ್ಲ. 'ಇದನ್ನು ಬರೆದ ಕೈ ನನ್ನದೇ ಎಂದು ನಂಬಲಾಗುವುದಿಲ್ಲ' ಎಂದಿದ್ದೆನಲ್ಲ, ಅದಕ್ಕಿತ್ತು. ಅದೇ ಕೊನೆಯದು. ಆಮೇಲೆ ಮಾರ್ಚ್ ಎಂಟರ ಪುಟದಲ್ಲಿ ಅಂಚಿನವರೆಗೂ ಬರದೆ ನಡುವೆಯೇ ಬಿದ್ದುಹೋದ ಒಂದು ಗೀರಿದೆ, ಯಾವ ಸಾಲಿಗೆಂದು ತಿಳಿಯುವುದಿಲ್ಲ. ಕೋಣೆಗೆ ತಿಳಿಹಳದಿ ಹೊಡೆಸಿದೆ ಎಂದ ದಿನದ ಪುಟದ ಅಂಚು ಖಾಲಿ. ಅಷ್ಟರಲ್ಲಿ ಅವಳಿಗೆ ಪೆನ್ಸಿಲು ಹಿಡಿಯಲು ಆಗುತ್ತಿರಲಿಲ್ಲ.

ನೀವು ಕೆಟ್ಟವರಲ್ಲ ರೀ ಎಂದಳಲ್ಲ. ಆ ಸಾಲುಗಳನ್ನು ಓದಿಯೇ ಹೇಳಿದ್ದು. ಒಂದು ತಿಂಗಳಲ್ಲಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ. ಅದನ್ನೂ ನಾನು ಹೇಳಲಿಲ್ಲ, ಅವಳೇ ಬಂದು ತೆಗೆದುಕೊಂಡಳು.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ನಾದಿನಿ ಫೋನು ಮಾಡಿದ್ದಳು.

"ಹೇಗಿದ್ದೀರಿ ಭಾವ?"

"ಪರವಾಗಿಲ್ಲಮ್ಮ, ಚೆನ್ನಾಗಿದ್ದೀನಿ. ಊಟ, ನಿದ್ದೆ ಎಲ್ಲ ಸರಿಯಾಗಿದೆ" ಎಂದೆ. ಅವಳು, ನಾನೂ ಚೆನ್ನಾಗಿದ್ದೇನೆ ಎಂದಳು. ಫೋನಿಟ್ಟೆವು.

ಅದನ್ನು ಇಲ್ಲಿ ಬರೆದೆ. ಬರೆದು, ಅವಳ ಪೆನ್ಸಿಲು ತೆಗೆದುಕೊಂಡು, ಆ ಸಾಲಿನ ಎದುರಿಗೆ ಅಂಚಿನಲ್ಲಿ ನಾನೇ ಒಂದು ಚುಕ್ಕಿ ಇಟ್ಟೆ. ಅವಳದರಷ್ಟು ದುಂಡಗೆ ಬರಲಿಲ್ಲ.

ಆಮೇಲೆ ಮತ್ತೆ ಫೋನು ಮಾಡಿ, "ಇಲ್ಲಮ್ಮ, ಚೆನ್ನಾಗಿಲ್ಲ" ಎಂದೆ. ಅವಳು, "ನಾನೂ ಇಲ್ಲ ಭಾವ" ಎಂದಳು. ಇಬ್ಬರೂ ಫೋನಿಡಲಿಲ್ಲ.